ಹೆದರಿದಾಗ ಬೆರಳು ಕೈಕೊಡುತ್ತವೆ: ಆತ್ಮರಕ್ಷಣೆ ತರಬೇತಿಯಲ್ಲಿ ದೊಡ್ಡ ಚಲನೆಗಳಿಗೆ ಯಾಕೆ ಮೊದಲ ಜಾಗ

ವಿಜಯಪುರದಲ್ಲಿ ನಾನು ವಾರಕ್ಕೆ ಎರಡು ಸಂಜೆ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಹೇಳಿಕೊಡುತ್ತೇನೆ. ಹೋದ ತಿಂಗಳು ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಮೂರು ತಿಂಗಳು ಕರಾಟೆ ಹೇಳಿಕೊಟ್ಟಿದ್ದಾರೆ, ಚೆನ್ನಾಗಿಯೇ ಕಲಿತಿದ್ದಾಳೆ. ಹೊಡೆತ, ತಡೆ ಎಲ್ಲದರ ಹೆಸರೂ ಬಾಯಲ್ಲಿದೆ. ಆದರೂ ತಾಯಿಗೆ ಸಮಾಧಾನ ಇರಲಿಲ್ಲ.

"ಅಕ್ಕಾರ, ಮೂರ್ ತಿಂಗಳು ಕಲ್ತಾಳ್ರೀ. ಮೊನ್ನಿ ಅಡಿಗಿ ಮನ್ಯಾಗ ನಾ ಹಿಂದಿಂದ ಬಂದು ಗಪ್ಪನ ಕೈ ಹಿಡದೆ. ಏನೂ ಮಾಡ್ಲಿಲ್ಲ, ಸುಮ್ನ ನಿಂತ್ಲು. ಹಂಗಾರ ಕಲ್ತಿದ್ದು ಎಲ್ಲಿ ಹೋತು?"

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ನನಗೆ ಮೊದಲು ಅವಳಿಗೇ ಒಂದು ಮಾತು ಹೇಳಬೇಕು ಅನಿಸಿತು: ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲವ್ವ. ಆಮೇಲೆ ತಾಯಿಯ ಪ್ರಶ್ನೆಗೆ ಉತ್ತರ ಕೊಡಲು ಕೂತರೆ ಅರ್ಧ ಗಂಟೆ ಹಿಡಿಯಿತು. ಈಗ ಶಾಲೆ, ಹಾಸ್ಟೆಲ್, ಬೇಸಿಗೆ ಶಿಬಿರ ಎಲ್ಲ ಕಡೆ ಆತ್ಮರಕ್ಷಣೆ ತರಬೇತಿ ನಡೆಯುತ್ತಿದೆ. ಈ ಪ್ರಶ್ನೆ ಇನ್ನೂ ಎಷ್ಟೋ ಮನೆಗಳಲ್ಲಿ ಇರಬಹುದು. ಅದಕ್ಕೇ ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ದೊಡ್ಡ ಚಲನೆ, ಸಣ್ಣ ಚಲನೆ

ನಮ್ಮ ಮೈ ಮಾಡುವ ಕೆಲಸಗಳನ್ನು ಎರಡು ಗುಂಪು ಮಾಡಬಹುದು. ತೊಡೆ, ಸೊಂಟ, ಬೆನ್ನು, ಭುಜದಂಥ ದೊಡ್ಡ ಸ್ನಾಯುಗಳು ಸೇರಿ ಮಾಡುವ ಕೆಲಸ ಒಂದು. ನಡೆಯುವುದು, ಓಡುವುದು, ತಳ್ಳುವುದು, ಎಳೆಯುವುದು, ಕೂತು ಏಳುವುದು, ಒದೆಯುವುದು ಎಲ್ಲ ಇದರಲ್ಲಿ ಬರುತ್ತವೆ. ಇದಕ್ಕೆ ಗ್ರಾಸ್ ಮೋಟರ್ ಸ್ಕಿಲ್ ಅಂತಾರೆ. ಇಲ್ಲಿ ಮೋಟರ್ ಅಂದರೆ ಯಂತ್ರ ಅಲ್ಲ, ಮಿದುಳಿನ ಮಾತು ಕೇಳಿ ಸ್ನಾಯು ಅಲ್ಲಾಡುವುದು ಅಂತ ಅರ್ಥ. ನಾನು ಇದನ್ನು ಸುಮ್ನೆ ದೊಡ್ಡ ಚಲನೆ ಅಂತ ಕರೆಯುತ್ತೇನೆ.

ಇನ್ನೊಂದು ಸಣ್ಣ ಚಲನೆ, ಅಂದರೆ ಫೈನ್ ಮೋಟರ್ ಸ್ಕಿಲ್. ಇದು ಬೆರಳುಗಳ ಕೆಲಸ. ಸೂಜಿಗೆ ದಾರ ಪೋಣಿಸುವುದು, ಗುಂಡಿ ಹಾಕುವುದು, ಬರೆಯುವುದು. ಪಕ್ಕದ ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಸಣ್ಣ ಚಲನೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಎಳೆ ಎಳೆ ನೋಡಿ ಮಾಡಬೇಕು, ಕೈ ನಡುಗಬಾರದು, ಮನಸ್ಸು ಆ ಕಡೆ ಈ ಕಡೆ ಹೋಗಬಾರದು.

ಕೂಸು ಬೆಳೆಯುವುದನ್ನು ನೋಡಿದವರಿಗೆ ಈ ವ್ಯತ್ಯಾಸ ಗೊತ್ತೇ ಇರುತ್ತದೆ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೋರಲು ಬೀಳುತ್ತದೆ, ಕೂರುತ್ತದೆ, ಅಂಬೆಗಾಲಿಡುತ್ತದೆ, ವರ್ಷದ ಹೊತ್ತಿಗೆ ಗೋಡೆ ಹಿಡಿದೋ ಬಿಟ್ಟೋ ಹೆಜ್ಜೆ ಹಾಕುತ್ತದೆ. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಇನ್ನೂ ಎರಡು ಮೂರು ವರ್ಷ ಕಾಯಬೇಕು. ದೊಡ್ಡ ಚಲನೆ ಮೊದಲು ಬರುತ್ತದೆ, ಆಳವಾಗಿ ಕೂರುತ್ತದೆ.

ಇವೆರಡರ ನಡುವೆ ಇನ್ನೊಂದು ಬಗೆಯೂ ಇದೆ. ಹಲವು ಚಲನೆಗಳನ್ನು ಸರಿಯಾದ ಕ್ರಮದಲ್ಲಿ, ಸರಿಯಾದ ಹೊತ್ತಿಗೆ ಜೋಡಿಸಿ ಮಾಡುವಂಥದ್ದು. ಎದುರಿನವನ ಮಣಿಕಟ್ಟು ಹಿಡಿ, ಹೆಬ್ಬೆರಳು ಇಲ್ಲಿಡು, ಒಳಗೆ ತಿರುವು, ಕಾಲು ಹಿಂದಿಡು, ಕೆಳಕ್ಕೆ ಒತ್ತು. ಒಂದು ಮೆಟ್ಟಿಲು ತಪ್ಪಿದರೂ ಪೂರ್ತಿ ಪಟ್ಟು ಬಿಟ್ಟುಹೋಗುತ್ತದೆ. ಪ್ರದರ್ಶನಗಳಲ್ಲಿ ಚಪ್ಪಾಳೆ ಜಾಸ್ತಿ ಬೀಳುವುದು ಇಂಥವಕ್ಕೇ.

ಭಯ ಬಂದಾಗ ಮೈಯಲ್ಲಿ ಏನಾಗುತ್ತದೆ

ರಾತ್ರಿ ಓಣಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗ ನೀವು ಯೋಚನೆ ಮಾಡಿ ಓಡುವುದಿಲ್ಲ, ಓಡಿದ ಮೇಲೆ ಯೋಚನೆ ಮಾಡುತ್ತೀರಿ. ಯಾಕೆಂದರೆ ಮಿದುಳಿನಲ್ಲಿ ಅಮಿಗ್ಡಲಾ ಅನ್ನುವ ಬಾದಾಮಿ ಆಕಾರದ ಒಂದು ಭಾಗವಿದೆ. ಅಪಾಯದ ಸುಳಿವು ಸಿಕ್ಕ ಕೂಡಲೇ ಅದು ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಅನ್ನುವ ಹಾರ್ಮೋನ್ ಬಿಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ, ಕಾಲು ತೊಡೆಗಳ ದೊಡ್ಡ ಸ್ನಾಯುಗಳಿಗೆ ರಕ್ತ ಜಾಸ್ತಿ ಹರಿಯುತ್ತದೆ. ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಬಾಯಿ ಒಣಗುತ್ತದೆ. ಚರ್ಮದ ರಕ್ತನಾಳಗಳು ಬಿಗಿಯಾಗುವುದರಿಂದ ಕೈ ತಣ್ಣಗಾಗುತ್ತದೆ, ಮುಖ ಬಿಳಿಚುತ್ತದೆ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಈ ಸ್ಥಿತಿಯನ್ನು ಹೋರಾಡು ಇಲ್ಲವೇ ಓಡು ಅನ್ನುವ ಸಿದ್ಧತೆಯಾಗಿ ವಿವರಿಸಿದ. ಈಗ ಅದಕ್ಕೆ ಮೂರನೆಯದನ್ನೂ ಸೇರಿಸುತ್ತಾರೆ: ಮರಗಟ್ಟಿ ನಿಲ್ಲುವುದು.

ಅಂದರೆ ಮೈ ತನ್ನ ಬಲವನ್ನೆಲ್ಲ ದೊಡ್ಡ ಚಲನೆಗಳ ಕಡೆಗೆ ತಿರುಗಿಸುತ್ತದೆ. ಬೆರಳುಗಳ ಪಾಲಿಗೆ ಉಳಿಯುವುದು ನಡುಕ. ಅಡ್ರಿನಲಿನ್ ಕೈಯ ಸಹಜ ನಡುಕವನ್ನು ಹೆಚ್ಚಿಸುತ್ತದೆ. ಜೊತೆಗೆ ಗಮನವೂ ಕಿರಿದಾಗುತ್ತದೆ. ಎದುರಿನವನ ಕೈ ಮಾತ್ರ ಕಾಣುತ್ತದೆ, ಪಕ್ಕದಲ್ಲಿ ತೆರೆದಿರುವ ಬಾಗಿಲು ಕಾಣುವುದಿಲ್ಲ. ಕೆಲವರಿಗೆ ಸದ್ದು ದೂರದಿಂದ ಬಂದ ಹಾಗೆ ಕೇಳುತ್ತದೆ.

ಒಂದು ಕೀಲಿ, ಮೂರು ಸಲ

ನಮ್ಮ ಕ್ಲಾಸಿನಲ್ಲಿ ಒಂದು ಹಳೇ ಕೀಲಿ, ಅಂದರೆ ಬೀಗ, ಇದೆ. ಹಿತ್ತಾಳೆಯದು, ಸ್ವಲ್ಪ ಬಿಗಿ. ಹೊಸದಾಗಿ ಬಂದವರಿಗೆ ಮೊದಲು ಅದನ್ನು ಕೊಟ್ಟು ತೆಗೆ ಅನ್ನುತ್ತೇನೆ. ಕೀಲಿಕೈ ತೂರಿಸಿ, ತಿರುವಿ, ಟಕ್ ಅಂತ ತೆಗೆಯುತ್ತಾರೆ.

ಎರಡನೇ ಸಲ ಮೈದಾನ ನಾಲ್ಕು ಸುತ್ತು ಓಡಿಸಿ ತೆಗೆಸುತ್ತೇನೆ. ಏದುಸಿರು ಬಿಡುತ್ತ ನಗುತ್ತ ಬರುತ್ತಾರೆ. ಆಗಲೂ ಹೆಚ್ಚುಕಡಿಮೆ ಅಷ್ಟೇ ಬೇಗ ತೆಗೆಯುತ್ತಾರೆ.

ಮೂರನೇ ಸಲ ದೀಪ ಆರಿಸುತ್ತೇವೆ. ಹಿಂದೆ ನಾಲ್ಕು ಜನ ಸ್ಟೀಲ್ ತಟ್ಟೆ ಬಡಿಯುತ್ತಾರೆ, ಒಬ್ಬಳು "ಬಂದ, ಬಂದ, ಲಗೂ ತಗಿ!" ಅಂತ ಚೀರುತ್ತಾಳೆ, ಯಾವಾಗ ಯಾರು ಬಂದು ಭುಜ ಹಿಡಿಯುತ್ತಾರೋ ಗೊತ್ತಿಲ್ಲ. ಆ ಒಂಬತ್ತನೇ ಕ್ಲಾಸಿನ ಹುಡುಗಿ ಕೀಲಿಕೈಯನ್ನು ತಿರುವುಮುರುವಾಗಿ ತೂರಿಸಿದಳು. ತೆಗೆದು ಮತ್ತೆ ತೂರಿಸಿದಳು, ಅದು ಕೀಲಿಯ ಬಾಯಿಯ ಅಂಚಿಗೆ ಕಟಕಟ ಬಡಿಯುತ್ತಿತ್ತು. ಕೊನೆಗೆ ಕೈಯಿಂದ ಜಾರಿ ಕೆಳಗೆ ಬಿತ್ತು. ದೀಪ ಹಾಕಿದಾಗ ತನ್ನ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು.

"ನಡಗಾಕತ್ತಾವ ಅಕ್ಕಾ."

ಅದೇ ಹೊತ್ತಿಗೆ ಅವಳಿಗೆ ಬಾಗಿಲನ್ನು ಭುಜದಿಂದ ತಳ್ಳು ಅಂದಿದ್ದರೆ ತಳ್ಳಿರುತ್ತಿದ್ದಳು, ಓಡು ಅಂದಿದ್ದರೆ ಯಾವತ್ತಿಗಿಂತ ಜೋರಾಗಿ ಓಡಿರುತ್ತಿದ್ದಳು. ಸಣ್ಣ ಚಲನೆ ಕೈಕೊಟ್ಟ ಅದೇ ಮೈಯಲ್ಲಿ ದೊಡ್ಡ ಚಲನೆ ಇನ್ನೂ ಗಟ್ಟಿಯಾಗಿ ನಿಂತಿರುತ್ತದೆ.

ನಾಡಿಯ ಲೆಕ್ಕವನ್ನು ಎಷ್ಟು ನಂಬಬೇಕು

ಆತ್ಮರಕ್ಷಣೆ ಬಗ್ಗೆ ಓದುವವರಿಗೆ ಒಂದು ಲೆಕ್ಕ ಆಗಾಗ ಸಿಗುತ್ತದೆ. ನಾಡಿ ನಿಮಿಷಕ್ಕೆ 115 ದಾಟಿದರೆ ಸಣ್ಣ ಚಲನೆ ಹೋಯಿತು, 145 ದಾಟಿದರೆ ಜೋಡಿಸಿ ಮಾಡುವ ಚಲನೆಗಳೂ ಹೋದವು, ಅದರ ಮೇಲೆ ಉಳಿಯುವುದು ದೊಡ್ಡ ಚಲನೆ ಮಾತ್ರ. 1990ರ ದಶಕದಲ್ಲಿ ಅಮೆರಿಕದ ಪೊಲೀಸ್ ತರಬೇತುದಾರ ಬ್ರೂಸ್ ಸಿಡಲ್ ಅವರ ಬರಹಗಳಿಂದ ಇದು ಜನಪ್ರಿಯವಾಯಿತು. ಸುಲಭವಾಗಿ ನೆನಪಿರುತ್ತದೆ, ಅದಕ್ಕೇ ಎಲ್ಲ ಕಡೆ ಹಬ್ಬಿತು. ಆದರೆ ಅಷ್ಟು ಕರಾರುವಾಕ್ಕಾಗಿ ಹೇಳಲು ಬರುವುದಿಲ್ಲ.

ನಮ್ಮೂರಿನವರು ಇದನ್ನು ಗೋಳಗುಮ್ಮಟದಲ್ಲಿಯೇ ಪರೀಕ್ಷೆ ಮಾಡಿ ನೋಡಬಹುದು. ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಬಂದು ನಿಂತರೆ ಎದೆ ಡಬಡಬ ಅನ್ನುತ್ತಿರುತ್ತದೆ. ನಾಡಿ ಹಿಡಿದು ನೋಡಿದರೆ ಬಹಳಷ್ಟು ಜನರಿಗೆ 115 ದಾಟಿರುತ್ತದೆ. ಆದರೂ ಅಲ್ಲಿ ನಿಂತು ಫೋನಿನ ಲಾಕ್ ತೆಗೆದು, ಫೋಟೊ ಹೊಡೆದು, ಮನೆಯವರಿಗೆ ಕಳಿಸಿ, ಕೆಳಗೆ ಎರಡು ಸಾಲು ಟೈಪ್ ಕೂಡ ಮಾಡುತ್ತೇವೆ, ಅಲ್ವಾ? ಬೆರಳು ಎಲ್ಲೂ ಹೋಗಿರುವುದಿಲ್ಲ. ಬಯಾತ್ಲಾನ್ ಅನ್ನುವ ಚಳಿಗಾಲದ ಆಟದಲ್ಲಿ ಹಿಮದ ಮೇಲೆ ಸ್ಕೀ ಮಾಡುತ್ತ ಬಂದವರು ಅದೇ ಏದುಸಿರಿನಲ್ಲಿ ಗುರಿಯಿಟ್ಟು ಬಂದೂಕು ಹೊಡೆಯುತ್ತಾರೆ.

ದಣಿವಿನಿಂದ ಏರಿದ ನಾಡಿಯೇ ಬೇರೆ, ಭಯದಿಂದ ಏರಿದ ನಾಡಿಯೇ ಬೇರೆ. ಕೀಲಿಯ ಆಟದಲ್ಲಿ ಎರಡನೇ ಸಲಕ್ಕೂ ಮೂರನೇ ಸಲಕ್ಕೂ ಇದ್ದ ವ್ಯತ್ಯಾಸ ಅದೇ. ಬೆರಳು ಕೆಡಿಸುವುದು ಬರೀ ಎದೆಬಡಿತ ಅಲ್ಲ. ಭಯ, ಅವಸರ, ಏನಾಗುತ್ತದೋ ಅನ್ನುವ ಅನಿಶ್ಚಿತತೆ ಎಲ್ಲ ಸೇರಬೇಕು. ಅಭ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಸಾವಿರ ಸಲ ಮಾಡಿದ ಸಣ್ಣ ಚಲನೆ ಒತ್ತಡದಲ್ಲಿ ಪೂರ್ತಿ ಮಾಯವಾಗುವುದಿಲ್ಲ. ತುರ್ತು ಚಿಕಿತ್ಸೆಯ ನರ್ಸ್‌ಗಳ ಕೈ ನೋಡಿ, ಎಂಥ ಗದ್ದಲದಲ್ಲೂ ನರ ಹುಡುಕಿ ಸೂಜಿ ಹಾಕುತ್ತಾರೆ. ಹಾಗಾಗಿ ಭಯದಲ್ಲಿ ಸಣ್ಣ ಚಲನೆ ಸತ್ತೇ ಹೋಗುತ್ತದೆ ಅನ್ನುವುದು ಅತಿಯಾಯಿತು. ವಾರಕ್ಕೆ ಎರಡು ತಾಸು, ಒಂದೆರಡು ತಿಂಗಳು ಕಲಿತವರಿಗೆ ಅದರ ಮೇಲೆ ಭರವಸೆ ಇಡಲು ಆಗುವುದಿಲ್ಲ ಅನ್ನುವುದು ಸರಿ.

1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಇಬ್ಬರು ಸಂಶೋಧಕರು ಇಲಿಗಳ ಮೇಲೆ ಮಾಡಿದ ಪ್ರಯೋಗವೂ ಇದೇ ದಿಕ್ಕಿನಲ್ಲಿದೆ. ಸುಲಭದ ಕೆಲಸವನ್ನು ಇಲಿಗಳು ಜೋರು ಶಾಕ್ ಕೊಟ್ಟಾಗ ಇನ್ನೂ ಬೇಗ ಕಲಿತವು. ಕಷ್ಟದ ಕೆಲಸಕ್ಕೆ ಮಾತ್ರ ಶಾಕ್ ಒಂದು ಮಿತಿ ದಾಟಿದರೆ ಕಲಿಕೆ ಹಿಂದೆ ಬಿತ್ತು.

ಆಯ್ಕೆ ಜಾಸ್ತಿಯಾದಷ್ಟೂ ತಡ

ಆ ಹುಡುಗಿಗೆ ಶಾಲೆಯಲ್ಲಿ ಎಷ್ಟು ಪಟ್ಟು ಕಲಿಸಿದ್ದಾರೆ ಅಂತ ಕೇಳಿದೆ. ಬೆರಳು ಮಡಚುತ್ತ ಇಪ್ಪತ್ತರ ತನಕ ಎಣಿಸಿದಳು. ಮುಂದಿನಿಂದ ಕೈ ಹಿಡಿದರೆ ಇದು, ಹಿಂದಿನಿಂದ ಹಿಡಿದರೆ ಅದು, ಜುಟ್ಟು ಹಿಡಿದರೆ ಇನ್ನೊಂದು.

1952ರಲ್ಲಿ ವಿಲಿಯಂ ಹಿಕ್ ಅನ್ನುವ ಬ್ರಿಟಿಷ್ ಸಂಶೋಧಕ ಒಂದು ವಿಷಯ ತೋರಿಸಿದ. ಎದುರಿಗಿರುವ ಆಯ್ಕೆಗಳು ಹೆಚ್ಚಾದ ಹಾಗೆ ಪ್ರತಿಕ್ರಿಯೆಗೆ ಹಿಡಿಯುವ ಹೊತ್ತೂ ಹೆಚ್ಚುತ್ತದೆ. ಸೀರೆ ಅಂಗಡಿಯಲ್ಲಿ ಎರಡು ಸೀರೆ ಮುಂದಿಟ್ಟರೆ ಬೇಗ ಆರಿಸುತ್ತೇವೆ, ನಲವತ್ತು ಹರಡಿದರೆ ಮಧ್ಯಾಹ್ನವೇ ಕಳೆಯುತ್ತದೆ. ಅಂಗಡಿಯಲ್ಲಿ ಪರವಾಗಿಲ್ಲ. ಯಾರೋ ಕೈ ಹಿಡಿದಾಗ ಅರ್ಧ ಸೆಕೆಂಡೂ ದೊಡ್ಡದು. ಅಡುಗೆ ಮನೆಯಲ್ಲಿ ಅವಳ ತಲೆ ಖಾಲಿ ಇರಲಿಲ್ಲ, ಇಪ್ಪತ್ತು ಉತ್ತರ ಒಟ್ಟಿಗೇ ನುಗ್ಗಿ ಬಾಗಿಲಲ್ಲಿ ಸಿಕ್ಕಿಕೊಂಡಿರಬಹುದು.

ಅದಕ್ಕೇ ನಮ್ಮಲ್ಲಿ ಮೊದಲ ಎರಡು ತಿಂಗಳು ಐದಾರು ಚಲನೆಗಿಂತ ಜಾಸ್ತಿ ಇಲ್ಲ. ಎಲ್ಲವೂ ದೊಡ್ಡವು.

ಹಾಗಾದರೆ ಕಲಿಯುವುದು ಏನು

ಮೊದಲನೆಯದು ದನಿ. ಹೊಟ್ಟೆಯಿಂದ ಬರುವ ಜೋರು ದನಿಗೆ ಎದೆ ಹೊಟ್ಟೆಗಳ ದೊಡ್ಡ ಸ್ನಾಯುಗಳೇ ಬೇಕು. ಕೂಗಿದಾಗ ಹಿಡಿದಿಟ್ಟ ಉಸಿರು ಬಿಟ್ಟುಕೊಳ್ಳುತ್ತದೆ, ಮರಗಟ್ಟಿದ ಮೈ ಸಡಿಲವಾಗುತ್ತದೆ. "ಏ! ಬಿಡು!" ಅಷ್ಟೇ ಸಾಕು. ನಿಜ ಹೇಳಬೇಕೆಂದರೆ ನಮ್ಮ ಹುಡುಗಿಯರಿಗೆ ಇದೇ ಎಲ್ಲಕ್ಕಿಂತ ಕಷ್ಟ. ಚಿಕ್ಕಂದಿನಿಂದ ಮೆಲ್ಲಗೆ ಮಾತಾಡು ಅಂತ ಕೇಳಿ ಬೆಳೆದಿರುತ್ತಾರೆ, ಮೊದಲ ದಿನ ದನಿ ಹೊರಗೇ ಬರುವುದಿಲ್ಲ. ನಾನು ಇದಕ್ಕೆ ಪೂರ್ತಿ ಒಂದು ವಾರ ಕೊಡುತ್ತೇನೆ.

ಎರಡನೆಯದು ಅಂಗೈ ಬುಡದ ಹೊಡೆತ. ಮುಷ್ಟಿ ಕಟ್ಟಿ ಗದ್ದಕ್ಕೋ ಹಣೆಗೋ ಹೊಡೆದರೆ ಅಭ್ಯಾಸ ಇಲ್ಲದವರ ಕೈ ಮೂಳೆಯೇ ಮುರಿಯಬಹುದು. ಕಿರುಬೆರಳಿನ ಬುಡದ ಮೂಳೆ ಹಾಗೆ ಮುರಿಯುವುದು ಎಷ್ಟು ಸಾಮಾನ್ಯ ಅಂದರೆ ಅದಕ್ಕೆ ಬಾಕ್ಸರನ ಮುರಿತ ಅಂತಲೇ ಹೆಸರಿದೆ. ಬೆರಳು ಹಿಂದಕ್ಕೆ ಬಾಗಿಸಿ ಅಂಗೈ ಬುಡದಿಂದ ಹೊಡೆದರೆ ಆ ಅಪಾಯ ಕಡಿಮೆ. ಇದನ್ನು ಹೇಳಿಕೊಡುವಾಗ ನಾನು ಜೋಳದ ಹಿಟ್ಟು ನೆನಪಿಸುತ್ತೇನೆ. ಬಿಸಿನೀರು ಹಾಕಿ ಹಿಟ್ಟು ನಾದುವಾಗ ಅಂಗೈ ಬುಡವನ್ನು ಮುಂದಕ್ಕೆ ಒತ್ತುತ್ತೇವೆ, ಭುಜ ಬಾಗುತ್ತದೆ, ಸೊಂಟದಿಂದ ಬಲ ಬರುತ್ತದೆ. ಅದೇ ದಾರಿಯನ್ನು ಕೆಳಗಿನಿಂದ ಎತ್ತಿ ಎದುರಿಗೆ ಇಟ್ಟರೆ ಹೊಡೆತ ಆಯಿತು. ಹೊಸ ಚಲನೆ ಕಲಿಯುವುದಕ್ಕಿಂತ ಮೈಗೆ ಗೊತ್ತಿರುವ ಚಲನೆಗೆ ಹೊಸ ದಿಕ್ಕು ಕೊಡುವುದು ಸುಲಭ.

ಕೈ ಬಿಡಿಸಿಕೊಳ್ಳುವುದೂ ಹೀಗೆಯೇ. ಯಾರಾದರೂ ಮಣಿಕಟ್ಟು ಹಿಡಿದಾಗ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಹೋಗುವುದು ಸಣ್ಣ ಚಲನೆ, ನಡುಗುವ ಕೈಗೆ ಆಗುವ ಮಾತಲ್ಲ. ಹಿಡಿತದಲ್ಲಿ ಸಡಿಲ ಜಾಗ ಇರುವುದು ಹೆಬ್ಬೆರಳಿಗೂ ಬೆರಳುಗಳಿಗೂ ನಡುವೆ. ಆ ಸಂದಿಯ ಕಡೆಗೆ ಮಣಿಕಟ್ಟು ತಿರುಗಿಸಿ, ಮೊಣಕೈಯನ್ನು ಪಕ್ಕೆಗೆ ಎಳೆದುಕೊಂಡು, ಒಂದು ಹೆಜ್ಜೆ ಹಿಂದೆ ಇಟ್ಟು ಇಡೀ ಮೈ ತಿರುಗಿಸಬೇಕು. ಅವನ ಒಂದು ಹೆಬ್ಬೆರಳಿನ ಎದುರು ನಿಮ್ಮ ಪೂರ್ತಿ ಮೈಯ ತೂಕ ನಿಲ್ಲುತ್ತದೆ. ಹಗ್ಗ ಜಗ್ಗುವಾಗ ಯಾರೂ ಬರೀ ತೋಳಿನಿಂದ ಜಗ್ಗುವುದಿಲ್ಲವಲ್ಲ, ಹಾಗೆ.

ಮೊಣಕಾಲು, ಮೊಣಕೈ ಹತ್ತಿರ ಬಂದವನಿಗೆ. ಕೆಳಗೆ ಬಿದ್ದರೆ ಕಾಲುಗಳನ್ನು ಅವನ ಕಡೆ ಇಟ್ಟುಕೊಂಡು ಒದೆಯುವುದು, ಯಾಕೆಂದರೆ ಕಾಲಿನ ಬಲ ಕೈಗಿಂತ ಜಾಸ್ತಿ. ಆಮೇಲೆ ಎದ್ದು ಓಡುವುದು. ಓಡುವುದೇ ಗುರಿ. ಹೊಡೆತ ಇರುವುದು ಓಡಲು ದಾರಿ ಮಾಡಿಕೊಳ್ಳುವುದಕ್ಕೆ. ಹಾಗಾಗಿ ತಿಂಗಳಿಗೊಮ್ಮೆ ಚೂಡಿದಾರ, ವೇಲ್, ಚಪ್ಪಲಿ, ಹೆಗಲಲ್ಲಿ ಬ್ಯಾಗು ಎಲ್ಲ ಹಾಕಿಕೊಂಡೇ ಅಭ್ಯಾಸ ಮಾಡಿಸುತ್ತೇನೆ. ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದ ಕಾಲು ಸೀರೆಯಲ್ಲಿ ಬರುವುದಿಲ್ಲ.

ಗರಡಿ ಮನೆಯವರಿಗೆ ಗೊತ್ತಿದ್ದ ಮಾತು

ನಮ್ಮ ಭಾಗದ ಗರಡಿ ಮನೆಗಳಲ್ಲಿ ಪೈಲ್ವಾನರು ಮೊದಲು ತೆಗೆಯುವುದು ಸಾಮು. ದಂಡ, ಬಸ್ಕಿ, ಹಗ್ಗ ಏರುವುದು. ಎಲ್ಲ ದೊಡ್ಡ ಚಲನೆ. ಪಟ್ಟುಗಳು ಆಮೇಲೆ. ಪಟ್ಟು ಕಲಿತ ಮೇಲೂ ಬರೀ ಗಾಳಿಯಲ್ಲಿ ಆಡಿಸಿ ಬಿಡುವುದಿಲ್ಲ, ಕೆಂಪು ಮಣ್ಣಿನಲ್ಲಿ ಜೋಡಿ ಹಚ್ಚಿ ಜೋರ್ ಮಾಡಿಸುತ್ತಾರೆ. ಎದುರಿನವನು ನಿಜವಾಗಿ ತಳ್ಳುತ್ತಾನೆ, ನಿಜವಾಗಿ ಜಗ್ಗುತ್ತಾನೆ. ವಸ್ತಾದ, ಅಂದರೆ ಗರಡಿಯ ಗುರು, ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾನೆ.

ಆತ್ಮರಕ್ಷಣೆ ಕ್ಲಾಸುಗಳಲ್ಲಿ ಬಹಳ ಸಲ ಬಿಟ್ಟುಹೋಗುವುದು ಈ ಜೋರ್. ಸಾಲಾಗಿ ನಿಂತು, ಎಣಿಕೆಗೆ ಸರಿಯಾಗಿ ಕೈ ಚಾಚಿದರೆ ಚಲನೆಯ ಆಕಾರ ಬರುತ್ತದೆ. ಆದರೆ ಯಾವಾಗ ಚಾಚಬೇಕು ಅನ್ನುವುದು ಮೈಗೆ ಗೊತ್ತಾಗುವುದಿಲ್ಲ. ಸ್ಕೂಟಿ ಕಲಿತದ್ದನ್ನು ನೆನಪಿಸಿಕೊಳ್ಳಿ. ಮೊದಲು ಪ್ರತಿಯೊಂದನ್ನೂ ಬಾಯಲ್ಲಿ ಹೇಳಿಕೊಂಡು ಮಾಡಿದ್ದಿರಿ, ಆಮೇಲೆ ತಪ್ಪು ಕಡಿಮೆಯಾದವು, ಒಂದು ದಿನ ಬ್ರೇಕ್ ಹಿಡಿದದ್ದೇ ಗೊತ್ತಾಗದ ಹಾಗೆ ಹಿಡಿದಿರಿ. ಆ ಕೊನೆಯ ಹಂತ ಬಂದದ್ದು ಖಾಲಿ ಮೈದಾನದಲ್ಲಿ ಅಲ್ಲ, ಎಮ್ಮೆ, ಟಂಟಂ, ಬಸ್ಸು ಎಲ್ಲ ಅಡ್ಡ ಬರುವ ರಸ್ತೆಯಲ್ಲಿ.

ಒತ್ತಡವನ್ನು ಮೆಲ್ಲಗೆ ಏರಿಸಬೇಕು. ಮೊದಲು ನಿಧಾನ, ಆಮೇಲೆ ಜೊತೆಗಾತಿ ಸ್ವಲ್ಪ ಬಿಗಿ ಹಿಡಿಯುತ್ತಾಳೆ, ಆಮೇಲೆ ಗದ್ದಲ, ಕೊನೆಗೆ ಹೇಳದೆ ಕೇಳದೆ. ಮೊದಲ ದಿನವೇ ಹೆದರಿಸಿದರೆ ಕಲಿಯುವುದು ಭಯವನ್ನು ಮಾತ್ರ. ಹಿಂದೆ ಕೆಟ್ಟ ಅನುಭವ ಆದವರು ಗುಂಪಿನಲ್ಲಿ ಇದ್ದರೆ ಅವರು ಬೇಡ ಅಂದ ಕೂಡಲೇ ನಿಲ್ಲಿಸಬೇಕು.

ಬ್ಯಾಗಿನ ತಳದ ಸ್ಪ್ರೇ

ಖಾರದ ಪುಡಿ ಸ್ಪ್ರೇ ಇಟ್ಟುಕೊಂಡಿದ್ದೇನೆ ಅಂತ ತುಂಬ ಜನ ಹೇಳುತ್ತಾರೆ. ಎಲ್ಲಿದೆ ಅಂದರೆ ಬ್ಯಾಗಿನ ತಳದಲ್ಲಿ, ಜಿಪ್ಪಿನೊಳಗೆ. ಜಿಪ್ ತೆಗೆಯುವುದು, ಹುಡುಕುವುದು, ಲಾಕ್ ತಿರುಗಿಸುವುದು ಮೂರೂ ಸಣ್ಣ ಚಲನೆ. ಇಟ್ಟುಕೊಳ್ಳುವುದಾದರೆ ಕೈಗೆ ಸಿಗುವಲ್ಲಿ ಇರಲಿ, ನೋಡದೆ ತೆಗೆಯುವ ಅಭ್ಯಾಸ ಇರಲಿ.

ಫೋನಿನ ಕತೆಯೂ ಅದೇ. ಪ್ಯಾಟರ್ನ್ ಎಳೆದು, ನಂಬರ್ ಹುಡುಕಿ ಕರೆ ಮಾಡುವುದು ನಡುಗುವ ಬೆರಳಿಗೆ ಕಷ್ಟ. ಹಲವು ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಕೆಲವು ಸಲ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯ ಇದೆ. ಸೆಟ್ಟಿಂಗ್‌ನಲ್ಲಿ ಇವತ್ತೇ ನೋಡಿ ಆನ್ ಮಾಡಿಟ್ಟುಕೊಳ್ಳಿ. ತುರ್ತು ಸಹಾಯಕ್ಕೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098.

ಹೊಡೆದರೆ ಕೇಸ್ ಆಗುತ್ತದಾ ಅಂತಲೂ ಕೇಳುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ತನ್ನ ಮತ್ತು ಇನ್ನೊಬ್ಬರ ಮೈಯನ್ನು ಕಾಪಾಡಿಕೊಳ್ಳುವ ಹಕ್ಕನ್ನು ಕೊಡುತ್ತವೆ. ಕಾಪಾಡಿಕೊಳ್ಳಲು ಎಷ್ಟು ಬೇಕೋ ಅಷ್ಟು ಮಾತ್ರ ಅನ್ನುವ ಮಿತಿಯೂ ಅಲ್ಲೇ ಇದೆ.

ಸುಮ್ನೆ ನಿಂತದ್ದು

ಮರಗಟ್ಟಿ ನಿಲ್ಲುವುದು ಮೈ ತಾನಾಗಿ ಮಾಡುವ ಕೆಲಸ. ಅದು ಹೇಡಿತನ ಅಲ್ಲ, ಒಪ್ಪಿಗೆಯಂತೂ ಅಲ್ಲವೇ ಅಲ್ಲ. ವರ್ಷಗಟ್ಟಲೆ ಕಲಿತವರಿಗೂ ಆಗಬಹುದು. ಹಾಗೆ ನಿಂತುಬಿಟ್ಟವರನ್ನು ಯಾಕೆ ಕೂಗಲಿಲ್ಲ, ಯಾಕೆ ಹೊಡೆಯಲಿಲ್ಲ ಅಂತ ಮನೆಯವರು ಕೇಳುವುದನ್ನು ನೋಡಿದಾಗ ನನಗೆ ತುಂಬ ಸಂಕಟವಾಗುತ್ತದೆ. ದಯವಿಟ್ಟು ಕೇಳಬೇಡಿ. ತರಬೇತಿಯಿಂದ ಆ ಗಳಿಗೆ ಚಿಕ್ಕದಾಗಬಹುದು, ಒಂದು ಕೂಗು, ಒಂದು ಹೆಜ್ಜೆ ಹೊರಗೆ ಬರಬಹುದು. ಬರದೇ ಇದ್ದರೂ ತಪ್ಪು ಕೈ ಹಿಡಿದವನದೇ.

ಇದನ್ನೆಲ್ಲ ಕೇಳಿದ ಆ ತಾಯಿ ಮುಂದಿನ ವಾರ ಮಗಳ ಜೊತೆ ತಾವೂ ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಅಂಗೈ ಬುಡದ ಹೊಡೆತಕ್ಕೆ ಪ್ಯಾಡ್ ಹಿಡಿದವಳು ಮಗಳೇ. ಹಿಟ್ಟು ನಾದಿದ ಹಾಗೆ ಅಂತ ಹೇಳಿದ್ದೇ ತಡ, ಭುಜ ಬಾಗಿಸಿ ಕೊಟ್ಟ ಮೊದಲ ಏಟಿಗೇ ಹುಡುಗಿ ಎರಡು ಹೆಜ್ಜೆ ಹಿಂದೆ ಹೋದಳು. ತಾಯಿ ಗಾಬರಿಯಾಗಿ ಏಟು ಬಿತ್ತೇನ ಅಂತ ಕೇಳಿದರು. ಹುಡುಗಿ ಪ್ಯಾಡ್ ಸರಿಯಾಗಿ ಎದೆಗೆ ಹಚ್ಚಿ, ಕಾಲು ಅಗಲಿಸಿ ನಿಂತಳು.

"ಇಲ್ಲವ್ವ, ಇನ್ನೊಂದ್ ಸಲ ಹೊಡಿ. ಈ ಸಲ ಒದರಿ ಹೊಡಿ."